ಬಿಲ್ಲಿನ ಹಿಂದಿರುವ ತಂತ್ರಾಂಶ: ಪಿಡಿಎಫ್ ಲೈಬ್ರರಿಯ ನಿರ್ವಹಣೆ ಮತ್ತು ಪರಿಷ್ಕರಣೆ

ವರ್ತಕರು ಗ್ರಾಹಕರಿಗೆ ಕಳುಹಿಸುವ ಬಿಲ್ಲು, ಖರೀದಿ ಆದೇಶ, ದರಪಟ್ಟಿ, ಲೆಕ್ಕದ ತಃಖ್ತೆ ಮುಂತಾದವು ಇಂದು ಬಹುಮಟ್ಟಿಗೆ ಪಿಡಿಎಫ್ ಕಡತಗಳ ರೂಪದಲ್ಲಿಯೇ ಸಂಚರಿಸುತ್ತವೆ. ತಮ್ಮ ಬಿಲ್ಲಿಂಗ್ ತಂತ್ರಾಂಶದ ಹೆಸರು ಎಲ್ಲ ವರ್ತಕರಿಗೂ ತಿಳಿದಿರುತ್ತದೆ. ಆದರೆ ಅದರೊಳಗೆ ಕುಳಿತು ಪ್ರತಿಯೊಂದು ಅಕ್ಷರವನ್ನೂ ಗೆರೆಯನ್ನೂ ಪುಟದ ಮೇಲೆ ಮೂಡಿಸುವ ಸಿದ್ಧ ಲೈಬ್ರರಿಯ ಬಗ್ಗೆ ಅರಿವು ಕಡಿಮೆ. ಬಿಲ್ಲು ಕೆಟ್ಟುಹೋದ ದಿನವೇ ಅದರ ನೆನಪಾಗುವುದು.

ಲೈಬ್ರರಿ ಎಂದರೇನು?

ಪಂಪು ತಯಾರಿಸುವ ಕಾರ್ಖಾನೆಯು ಬೇರಿಂಗುಗಳನ್ನು ತಾನೇ ತಯಾರಿಸುವುದಿಲ್ಲ, ಹೊರಗಿನಿಂದ ಕೊಂಡು ಜೋಡಿಸುತ್ತದೆ. ಅದೇ ರೀತಿ ತಂತ್ರಾಂಶ ತಯಾರಕರೂ ಪಿಡಿಎಫ್ ರಚಿಸುವ ಕೆಲಸಕ್ಕೆ ಬೇರೆಯವರು ಸಿದ್ಧಪಡಿಸಿದ ಲೈಬ್ರರಿಯನ್ನು ಬಳಸುತ್ತಾರೆ. ಐಟೆಕ್ಸ್ಟ್, ರಿಪೋರ್ಟ್‌ಲ್ಯಾಬ್, ಡಾಮ್‌ಪಿಡಿಎಫ್, ಟಿಸಿಪಿಡಿಎಫ್ ಇವು ಅಂತಹ ಕೆಲವು ಲೈಬ್ರರಿಗಳು. ಪಿಡಿಎಫ್ ವಿನ್ಯಾಸವನ್ನು ಅಡೋಬಿ ಸಂಸ್ಥೆಯು 1993ರಲ್ಲಿ ಹೊರತಂದಿತು. 2008ರಲ್ಲಿ ಅದು ಐಎಸ್‌ಒ ಅಂತರರಾಷ್ಟ್ರೀಯ ಮಾನಕವಾಯಿತು.

ಬೇರಿಂಗು ಸವೆಯುತ್ತದೆ, ಆದ್ದರಿಂದ ಬದಲಿಸಬೇಕು. ಲೈಬ್ರರಿ ಸವೆಯುವುದಿಲ್ಲ, ಹಾಗಿದ್ದರೂ ಅದನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕಾಗುತ್ತದೆ. ಏಕೆಂದರೆ ಅದರ ಸುತ್ತಲಿನ ವ್ಯವಸ್ಥೆ ಬದಲಾಗುತ್ತಿರುತ್ತದೆ.

ಚಿಹ್ನೆ, ಸಂಕೇತ ಮತ್ತು ಲಿಪಿ

ಭಾರತ ಸರ್ಕಾರವು ರೂಪಾಯಿಯ ಹೊಸ ಚಿಹ್ನೆಯನ್ನು 2010ರ ಜುಲೈನಲ್ಲಿ ಅಂಗೀಕರಿಸಿತು. ಪಿಡಿಎಫ್‌ನ ಮೂಲ 14 ಅಕ್ಷರವಿನ್ಯಾಸಗಳಲ್ಲಿ ಈ ಚಿಹ್ನೆ ಇಲ್ಲ. ಅವುಗಳನ್ನೇ ನಂಬಿದ ಬಿಲ್ಲುಗಳಲ್ಲಿ ಮೊತ್ತದ ಮುಂದೆ ಖಾಲಿ ಚೌಕವೋ ಪ್ರಶ್ನಾರ್ಥಕ ಚಿಹ್ನೆಯೋ ಕಾಣಿಸಿಕೊಳ್ಳುತ್ತದೆ. ಹೊಸ ಅಕ್ಷರವಿನ್ಯಾಸವನ್ನು ಕಡತದೊಳಗೇ ಅಡಕಗೊಳಿಸುವುದು ಇದಕ್ಕೆ ಪರಿಹಾರ.

ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಜಾರಿಗೆ ಬಂದಿತು. 2023ರ ಆಗಸ್ಟ್ 1ರಿಂದ ಈ ಮಿತಿ 5 ಕೋಟಿಗೆ ಇಳಿದು, ಅನೇಕ ಸಣ್ಣ ಉದ್ಯಮಿಗಳೂ ಅದರ ವ್ಯಾಪ್ತಿಗೆ ಬಂದರು. ಇಂತಹ ಬಿಲ್ಲಿನ ಮೇಲೆ ಮುದ್ರಿಸಬೇಕಾದ ಕ್ಯೂಆರ್ ಸಂಕೇತದಲ್ಲಿ ಡಿಜಿಟಲ್ ಸಹಿಯೂ ಸೇರಿರುವುದರಿಂದ ಅದು ಬಹಳ ದಟ್ಟವಾಗಿರುತ್ತದೆ. ಲೈಬ್ರರಿಯು ಅದನ್ನು ತೀರಾ ಚಿಕ್ಕದಾಗಿ ಅಥವಾ ಮಸುಕಾಗಿ ಮೂಡಿಸಿದರೆ ತಪಾಸಣೆಯ ವೇಳೆ ಸಂಕೇತವನ್ನು ಓದಲಾಗುವುದಿಲ್ಲ. ತೆರಿಗೆ ದರ ಬದಲಾದಾಗ ಬಿಲ್ಲಿಂಗ್ ತಂತ್ರಾಂಶವನ್ನಷ್ಟೇ ತಿದ್ದಿದರೆ ಸಾಕು. ಬಿಲ್ಲಿನ ರೂಪವೇ ಬದಲಾದಾಗ ಲೈಬ್ರರಿಯನ್ನೂ ಪರಿಶೀಲಿಸಬೇಕು.

ಕನ್ನಡದಲ್ಲಿ ಬಿಲ್ಲು ನೀಡುವವರಿಗೆ ಇನ್ನೊಂದು ತೊಡಕಿದೆ. ಅಕ್ಷರಗಳನ್ನು ಒಂದರ ಮುಂದೊಂದು ಇಡುವುದಷ್ಟೇ ಬಲ್ಲ ಲೈಬ್ರರಿಯು ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಸರಿಯಾಗಿ ಜೋಡಿಸಲಾರದು. ‘ಕರ್ನಾಟಕ’ ಎಂಬ ಪದವೇ ಒಡೆದು ಕಾಣುತ್ತದೆ. ಹಾರ್ಫ್‌ಬಜ್‌ನಂತಹ ಲಿಪಿಜೋಡಣೆಯ ಘಟಕವನ್ನು ಬಳಸುವ ಲೈಬ್ರರಿಗಳಲ್ಲಿ ಈ ದೋಷ ನಿವಾರಣೆಯಾಗುತ್ತದೆ.

ಭದ್ರತೆಯ ಪ್ರಶ್ನೆ

2022ರಲ್ಲಿ ಡಾಮ್‌ಪಿಡಿಎಫ್‌ನಲ್ಲಿ ಗಂಭೀರ ಲೋಪವೊಂದು ಬಹಿರಂಗವಾಯಿತು. ಅಕ್ಷರವಿನ್ಯಾಸದ ಸೋಗಿನಲ್ಲಿ ದುಷ್ಟ ಕಡತವನ್ನು ಸರ್ವರ್‌ನೊಳಗೆ ಸೇರಿಸಲು ಅದು ಅವಕಾಶ ನೀಡುತ್ತಿತ್ತು. 1.2.1ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. 2023ರಲ್ಲಿ ರಿಪೋರ್ಟ್‌ಲ್ಯಾಬ್‌ನಲ್ಲಿಯೂ ಇಂತಹ ದೋಷ ಕಂಡುಬಂದಿತು. ಬಣ್ಣವನ್ನು ಸೂಚಿಸುವ ಜಾಗದಲ್ಲಿ ಆಜ್ಞೆಯನ್ನು ತುಂಬಿ ಗಣಕದ ಮೇಲೆ ಹಿಡಿತ ಸಾಧಿಸಲು ಸಾಧ್ಯವಿತ್ತು. 3.6.13ನೇ ಆವೃತ್ತಿಯಲ್ಲಿ ಅದಕ್ಕೆ ಪರಿಹಾರ ಬಂದಿತು. ಲೋಪವು ಬಹಿರಂಗವಾದ ಮೇಲೆ ಅದರ ಮಾಹಿತಿ ದುಷ್ಕರ್ಮಿಗಳಿಗೂ ದೊರೆಯುತ್ತದೆ. ಹಳೆಯ ಆವೃತ್ತಿಯನ್ನೇ ಮುಂದುವರಿಸುವವರು ಬೀಗ ಮುರಿದ ಗೋದಾಮಿನಲ್ಲಿ ಸರಕು ಇಟ್ಟಂತೆ.

ನಿರ್ವಹಣೆಯೇ ನಿಂತುಹೋಗುವ ಸಂದರ್ಭಗಳೂ ಉಂಟು. ಒಡೂ ಮತ್ತು ಇಆರ್‌ಪಿನೆಕ್ಸ್ಟ್ ತಂತ್ರಾಂಶಗಳು ಬಹುಕಾಲ ಅವಲಂಬಿಸಿದ್ದ ಡಬ್ಲ್ಯುಕೆ-ಎಚ್‌ಟಿಎಂಎಲ್-ಟು-ಪಿಡಿಎಫ್ ಎಂಬ ಸಾಧನದ ಕೊನೆಯ ಸ್ಥಿರ ಆವೃತ್ತಿ 2020ರಲ್ಲಿ ಹೊರಬಂದಿತು. 2023ರಲ್ಲಿ ಅದರ ಯೋಜನೆಯನ್ನು ಕಡತಾಗಾರಕ್ಕೆ ಸೇರಿಸಲಾಯಿತು. ಹೀಗೆ ಕೈಬಿಟ್ಟ ಸಾಧನದಲ್ಲಿ ಮುಂದೆ ದೋಷ ಕಂಡುಬಂದರೆ ತಿದ್ದುವವರಿರುವುದಿಲ್ಲ.

ಪರವಾನಗಿಯ ಎಚ್ಚರ

ಪರಿಷ್ಕರಣೆಯ ಭರದಲ್ಲಿ ಪರವಾನಗಿಯನ್ನು ಮರೆಯಬಾರದು. ಐಟೆಕ್ಸ್ಟ್ ಲೈಬ್ರರಿಯು 2009ರ ಕೊನೆಯಲ್ಲಿ, 5ನೇ ಆವೃತ್ತಿಯಿಂದ, ಉದಾರವಾದ ಹಳೆಯ ಪರವಾನಗಿಯನ್ನು ಬಿಟ್ಟು ಎಜಿಪಿಎಲ್‌ಗೆ ಬದಲಾಯಿತು. ಅದರ ಪ್ರಕಾರ ಲೈಬ್ರರಿಯನ್ನು ಒಳಗೊಂಡ ತಂತ್ರಾಂಶವನ್ನು ಹಂಚುವವರು ಮೂಲಸಂಕೇತವನ್ನೂ ಒದಗಿಸಬೇಕು. ಇಲ್ಲವಾದರೆ ವಾಣಿಜ್ಯ ಪರವಾನಗಿಯನ್ನು ಕೊಳ್ಳಬೇಕು. ಹಳೆಯ ಪರವಾನಗಿಯ ಆವೃತ್ತಿಯಿಂದ ಕವಲೊಡೆದ ಓಪನ್‌ಪಿಡಿಎಫ್ ಇಂದಿಗೂ ಪ್ರತ್ಯೇಕವಾಗಿ ಬೆಳೆಯುತ್ತಿದೆ.

ಪರಿಷ್ಕರಣೆಯ ಕ್ರಮ

ಆವೃತ್ತಿಯ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಕೊನೆಯ ಭಾಗ ಬದಲಾದರೆ ದೋಷ ತಿದ್ದಲಾಗಿದೆ ಎಂದೂ, ನಡುವಿನದು ಬದಲಾದರೆ ಹೊಸ ಸೌಲಭ್ಯ ಸೇರಿದೆ ಎಂದೂ, ಮೊದಲನೆಯದು ಬದಲಾದರೆ ಹಳೆಯ ವ್ಯವಸ್ಥೆಯೊಡನೆ ಹೊಂದಿಕೊಳ್ಳದಿರಬಹುದು ಎಂದೂ ತಿಳಿಯಬೇಕು. ಎಲ್ಲ ಲೈಬ್ರರಿಗಳೂ ಈ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಆದ್ದರಿಂದ ಪ್ರತಿ ಆವೃತ್ತಿಯ ಬದಲಾವಣೆಗಳ ಟಿಪ್ಪಣಿಯನ್ನು ಓದುವುದು ಅವಶ್ಯಕ.

ಹೊಸ ಆವೃತ್ತಿಯನ್ನು ನೇರವಾಗಿ ಚಾಲ್ತಿ ಗಣಕಕ್ಕೆ ಅಳವಡಿಸಬಾರದು. ಒಂದೇ ಸರಕಿನ ಬಿಲ್ಲು, ಹಲವು ಪುಟಗಳ ಬಿಲ್ಲು, ಕನ್ನಡದ ಬಿಲ್ಲು, ಕ್ಯೂಆರ್ ಸಂಕೇತವುಳ್ಳ ಬಿಲ್ಲು ಹೀಗೆ ಮಾದರಿಗಳನ್ನು ಇಟ್ಟುಕೊಂಡು, ಹಳೆಯ ಮತ್ತು ಹೊಸ ಆವೃತ್ತಿಗಳಲ್ಲಿ ಮೂಡಿಸಿ ಹೋಲಿಸಿ ನೋಡಬೇಕು. ಸಂಕೇತವನ್ನು ಮೊಬೈಲ್‌ನಿಂದ ಓದಿಸಬೇಕು. ತೊಂದರೆಯಾದರೆ ಹಿಂತಿರುಗಲು ಹಳೆಯ ಆವೃತ್ತಿಯ ಪ್ರತಿ ಇರಬೇಕು.

ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಅಷ್ಟು ಕಾಲದ ನಂತರವೂ ಬಿಲ್ಲು ಅದೇ ರೂಪದಲ್ಲಿ ತೆರೆದುಕೊಳ್ಳಬೇಕಾದರೆ ಅಕ್ಷರವಿನ್ಯಾಸ ಅಡಕವಾಗಿರುವುದು ಲೇಸು. ದೀರ್ಘಕಾಲದ ಸಂಗ್ರಹಕ್ಕಾಗಿಯೇ 2005ರಲ್ಲಿ ಪಿಡಿಎಫ್/ಎ ಮಾನಕ ರೂಪುಗೊಂಡಿತು.

ಸದಸ್ಯರು ಕೇಳಬೇಕಾದುದು

ವರ್ತಕರು ತಂತ್ರಾಂಶದ ಒಳಗುಟ್ಟನ್ನು ಕಲಿಯಬೇಕಾಗಿಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತಂತ್ರಾಂಶ ಪೂರೈಕೆದಾರರಿಗೆ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು: ಯಾವ ಲೈಬ್ರರಿ, ಯಾವ ಆವೃತ್ತಿ ಬಳಕೆಯಲ್ಲಿದೆ? ಅದರ ನಿರ್ವಹಣೆ ಈಗಲೂ ನಡೆಯುತ್ತಿದೆಯೇ? ಅದರ ಪರವಾನಗಿ ಯಾವುದು? ಭದ್ರತಾ ಲೋಪ ಪ್ರಕಟವಾದರೆ ಎಷ್ಟು ದಿನಗಳೊಳಗೆ ಪರಿಷ್ಕರಿಸಲಾಗುವುದು? ಇವುಗಳಿಗೆ ಲಿಖಿತ ಉತ್ತರ ಪಡೆದು ಒಪ್ಪಂದದೊಡನೆ ಲಗತ್ತಿಸಿಕೊಳ್ಳುವುದು ಹಿತಕರ. ಬಿಲ್ಲಿನ ಮೇಲೆ ಮುದ್ರಿತವಾಗುವುದು ಪೂರೈಕೆದಾರರ ಹೆಸರಲ್ಲ, ವರ್ತಕರ ಹೆಸರು. ಅದರ ಲೋಪಕ್ಕೆ ಉತ್ತರಿಸಬೇಕಾದವರೂ ಅವರೇ.