ಚಂದ್ರಲೋಕದ ಕಥೆಯೂ ನೆಲದ ಮೇಲಣ ವಾಚಕರೂ

ಒಳ್ಳೆಯ ಕಥೆಯೊಂದನ್ನು ಓದಿ ಕಣ್ಣು ಒದ್ದೆಯಾಗದವರು ವಿರಳ. ನಾಯಕನೂ ನಾಯಿಕೆಯೂ ಬರೆದವರ ಮನಸ್ಸಿನಲ್ಲಿ ಹುಟ್ಟಿದವರೆಂದು ನಾವು ಬಲ್ಲೆವು; ಆದರೂ ಅವರ ಅಗಲಿಕೆಗೆ ನಮ್ಮ ಗಂಟಲು ಕಟ್ಟುತ್ತದೆ. ಇದು ರಸಾನುಭವದ ಗುಟ್ಟು. ಇದರಿಂದ ಯಾರಿಗೂ ಕೇಡಿಲ್ಲ. ಆದರೆ ಪುಸ್ತಕವನ್ನು ಮಡಿಸಿಟ್ಟ ಮೇಲೂ ವಾಚಕರು ಕಥೆಯಿಂದ ಹೊರಬಾರದೆ, ‘ಆ ನಾಯಿಕೆ ನಾನೇ’ ಎಂದು ನಂಬತೊಡಗಿದರೆ ಮಾಡತಕ್ಕದ್ದೇನು? ಜಪಾನು ದೇಶದಲ್ಲಿ ೧೯೮೦ರ ದಶಕದ ಕೊನೆಯಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿತು. ಇಂದು ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪದಲ್ಲಾಗಲಿ, ಕುರುಗೋಡಿನಲ್ಲಾಗಲಿ ಹುಡುಗರು ಹುಡುಗಿಯರು ಮೊಬೈಲಿನೊಳಗೇ ಜಪಾನೀ ಚಿತ್ರಕಥೆಗಳನ್ನು ಓದಬಲ್ಲರಾದುದರಿಂದ, ಆ ಪ್ರಶ್ನೆಯನ್ನು ನಮ್ಮ ಗೃಹಸ್ಥರೂ ಗೃಹಿಣಿಯರೂ ಒಮ್ಮೆ ಆಲೋಚಿಸುವುದು ಯುಕ್ತವಾಗಿದೆ.

ಜಪಾನಿನ ಚಿತ್ರಕಥೆಗಳಿಗೆ ‘ಮಂಗಾ’ ಎಂದು ಹೆಸರು. ಅವನ್ನು ಬಲಗಡೆಯಿಂದ ಎಡಗಡೆಗೆ ಓದಬೇಕು. ಅಲ್ಲಿ ಇವು ಮಕ್ಕಳಿಗೆ ಮಾತ್ರ ಮೀಸಲಲ್ಲ. ಬಾಲಕಿಯರಿಗೆ, ತರುಣರಿಗೆ, ಗೃಹಿಣಿಯರಿಗೆ ಬೇರೆ ಬೇರೆ ಪತ್ರಿಕೆಗಳಿವೆ. ಬಾಲಕಿಯರಿಗಾಗಿ ನಡೆಯುವ ಅಂತಹ ಪತ್ರಿಕೆಗಳಲ್ಲಿ ‘ಹನಾ ತೊ ಯುಮೆ’, ಎಂದರೆ ‘ಹೂವೂ ಕನಸೂ’ ಎಂಬುದು ಒಂದು. ಸಾಕಿ ಹಿವಾತಾರಿ ಎಂಬ ಲೇಖಕಿ ಇದರಲ್ಲಿ ೧೯೮೬ರ ಕೊನೆಯಿಂದ ೧೯೯೪ರ ವರೆಗೆ ‘ನನ್ನ ಭೂಮಿಯನ್ನು ಕಾಪಾಡು’ ಎಂಬ ಅರ್ಥದ ಹೆಸರಿನ ದೀರ್ಘ ಕಥೆಯನ್ನು ಬರೆದು ಚಿತ್ರಿಸಿದರು. ಅದು ಪುಸ್ತಕರೂಪದಲ್ಲಿ ೨೧ ಸಂಪುಟಗಳಾಯಿತು. ಮುಂದೆ ಇಂಗ್ಲಿಷಿಗೂ ಅನುವಾದವಾಯಿತು.

ಕಥೆಯ ಸಾರಾಂಶವಿಷ್ಟು. ದೂರದ ಗ್ರಹವೊಂದರ ಏಳು ಮಂದಿ ವಿಜ್ಞಾನಿಗಳು ನಮ್ಮ ಚಂದ್ರನ ಮೇಲೆ ನೆಲಸಿ ಭೂಮಿಯನ್ನು ಗುಟ್ಟಾಗಿ ಪರೀಕ್ಷಿಸುತ್ತಿರುತ್ತಾರೆ. ಯುದ್ಧದಿಂದ ಅವರ ಸ್ವಂತ ಗ್ರಹ ನಾಶವಾಗುತ್ತದೆ. ಹಿಂದಿರುಗಲು ಮನೆಯೇ ಇಲ್ಲ. ತರುವಾಯ ಅವರಲ್ಲಿ ಸಾಂಕ್ರಾಮಿಕ ರೋಗ ಹುಟ್ಟಿ ಒಬ್ಬೊಬ್ಬರನ್ನೇ ಕೊಲ್ಲುತ್ತದೆ. ರೋಗನಿವಾರಕ ಮದ್ದು ದೊರೆತ ಶಿಯೊನ್ ಎಂಬವನೊಬ್ಬನು ಮಾತ್ರ ಉಳಿದು, ಪ್ರಿಯೆಯಾದ ಮೊಕುರೆನಳನ್ನೂ ಕಳೆದುಕೊಂಡು, ಆ ನಿರ್ಜನ ಲೋಕದಲ್ಲಿ ಒಂಬತ್ತು ವರ್ಷ ಒಂಟಿಯಾಗಿ ಬದುಕಿ ಸಾಯುತ್ತಾನೆ. ಏಳು ಮಂದಿಯೂ ಜಪಾನಿನಲ್ಲಿ ಮರುಹುಟ್ಟು ಪಡೆಯುತ್ತಾರೆ. ಮೊಕುರೆನ್ ಈಗ ಆಲಿಸ್ ಎಂಬ ಹದಿಹರೆಯದ ವಿದ್ಯಾರ್ಥಿನಿ. ಒಂಬತ್ತು ವರ್ಷ ತಡವಾಗಿ ಸತ್ತ ಶಿಯೊನ್ ಒಂಬತ್ತು ವರ್ಷ ತಡವಾಗಿಯೇ ಹುಟ್ಟಿ, ಆಕೆಯ ನೆರೆಮನೆಯ ತುಂಟ ಬಾಲಕ ರಿನ್ ಆಗಿದ್ದಾನೆ. ಹೋದ ಜನ್ಮದ ಒಂಟಿತನವೇ ಈ ಜನ್ಮದಲ್ಲಿ ವಯಸ್ಸಿನ ಅಂತರವಾಗಿ ಇಬ್ಬರ ನಡುವೆ ನಿಂತಿತು. ಕಥೆಯ ಸಿಹಿಯೂ ಕಹಿಯೂ ಈ ಒಂದು ಲೆಕ್ಕದೊಳಗೇ ಅಡಗಿವೆ.

ವಾಚಕರು ಈ ಕಥೆಯನ್ನು ಒಂದೇ ಬಗೆಯಾಗಿ ಸ್ವೀಕರಿಸಲಿಲ್ಲ. ಶಿಯೊನನ ಏಕಾಂತವನ್ನು ಓದಿ ಮರುಗಿದವರು ಬಹಳ. ಬಾಲಕನಿಗೂ ತರುಣಿಗೂ ಹೀಗೆ ಗಂಟುಹಾಕುವುದು ಸರಿಯೇ ಎಂದು ಹುಬ್ಬು ಗಂಟಿಕ್ಕಿದವರೂ ಉಂಟು. ಆದರೆ ಮೂರನೆಯದೊಂದು ಬಗೆಯಿತ್ತು. ತಮಗೂ ಪೂರ್ವಜನ್ಮದ ನೆನಪುಗಳಿವೆಯೆಂದೂ, ಈ ಕಥೆ ನಡೆದ ಸಂಗತಿಯೇ ಇರಬೇಕೆಂದೂ ಬಗೆದ ಎಳೆಯ ವಾಚಕರು ಲೇಖಕಿಗೆ ಕಾಗದ ಬರೆಯತೊಡಗಿದರು. ಅತೀಂದ್ರಿಯ ವಿಷಯಗಳಿಗೆ ಮೀಸಲಾದ ‘ಮೂ’ ಎಂಬ ಮಾಸಪತ್ರಿಕೆಯ ಓಲೆಗಳ ಪುಟದಲ್ಲಿ, ಪೂರ್ವಜನ್ಮದ ಒಡನಾಡಿಗಳನ್ನು ಹುಡುಕುವ ಹುಡುಗಿಯರ ಪ್ರಕಟನೆಗಳು ಆ ದಶಕದಲ್ಲಿ ಬರುತ್ತಿದ್ದುವು. ಆ ಗಾಳಿಗೆ ಈ ಕಥೆಯೂ ಸೇರಿಕೊಂಡಿತು. ೧೯೮೯ರ ಆಗಸ್ಟ್ ತಿಂಗಳಲ್ಲಿ ತೊಕುಶಿಮಾ ನಗರದ ಮೂವರು ಶಾಲಾಬಾಲಕಿಯರು ತಮ್ಮ ಹಿಂದಿನ ಜನ್ಮವನ್ನು ಕಾಣುವ ಹಂಬಲದಿಂದ ಪ್ರಾಣಾಪಾಯದ ಕೆಲಸಕ್ಕೆ ಕೈಹಾಕಿದರು. ದೈವವಶಾತ್ ಮೂವರೂ ಬದುಕಿದರು. ಪೂರ್ವಜನ್ಮದ ಕಥೆಗಳ ವಿಷಯವಾಗಿ ದೇಶದಲ್ಲೆಲ್ಲ ಚರ್ಚೆ ನಡೆಯಿತು.

ಹಿವಾತಾರಿಯವರು ಮಾಡಿದುದು ಗಮನಾರ್ಹ. ಅವರು ಕಥೆಯನ್ನು ನಿಲ್ಲಿಸಲಿಲ್ಲ. ವಾಚಕರನ್ನು ಹಳಿಯಲೂ ಇಲ್ಲ. ಎಂಟನೆಯ ಸಂಪುಟದಲ್ಲಿ, ಇದು ಮೊದಲಿನಿಂದ ಕೊನೆಯ ವರೆಗೂ ತಮ್ಮ ಕಲ್ಪನೆಯಿಂದ ಹೊರಟ ಕಥೆಯೇ ಹೊರತು ನಡೆದ ವೃತ್ತಾಂತವಲ್ಲವೆಂದು ನೇರವಾಗಿ ಬರೆದರು. ತಮ್ಮ ಕಲೆಯ ಮಾಯೆಯನ್ನು ತಾವೇ ಒಂದು ಕ್ಷಣ ಹರಿದು, ‘ಇದು ಆಟ’ ಎಂದು ತೋರಿಸಿಕೊಡುವುದು ಯಾವ ಲೇಖಕರಿಗೂ ಸುಲಭವಲ್ಲ. ಎಳೆಯರ ಪ್ರಾಣದ ಮುಂದೆ ಕಥೆಯ ಮಾಯೆ ದೊಡ್ಡದಲ್ಲವೆಂದು ಅವರು ಅರಿತಿದ್ದರು.

ಈಗ ನಮ್ಮ ಕಡೆಗೆ ತಿರುಗಿ ನೋಡೋಣ. ಜನ್ಮಾಂತರದ ಪ್ರೇಮವೂ ಚಂದ್ರಲೋಕದ ವಿರಹವೂ ಕನ್ನಡಿಗರಿಗೆ ಹೊಸತೇ? ಬಾಣಭಟ್ಟನ ಕಾದಂಬರಿಯನ್ನು ನಾಗವರ್ಮನು ಕನ್ನಡಕ್ಕೆ ತಂದು ಸಾವಿರ ವರ್ಷವಾಯಿತು. ಅದರಲ್ಲಿ ಮೃತನಾದ ಪುಂಡರೀಕನ ದೇಹವನ್ನು ಚಂದ್ರಲೋಕಕ್ಕೆ ಒಯ್ಯುತ್ತಾರೆ. ಮಹಾಶ್ವೇತೆ ಅಚ್ಛೋದ ಸರೋವರದ ತೀರದಲ್ಲಿ ತಪಸ್ಸಿಗೆ ಕುಳಿತು ಕಾಯುತ್ತಾಳೆ. ಚಂದ್ರಾಪೀಡನಂತೂ ಸಾಕ್ಷಾತ್ ಚಂದ್ರನ ಅವತಾರ. ಆ ನಾಯಿಕೆಯ ಹೆಸರೇ ಇಂದು ನಮ್ಮ ಭಾಷೆಯಲ್ಲಿ ಒಂದು ಸಾಹಿತ್ಯಪ್ರಕಾರಕ್ಕೆಲ್ಲ ಹೆಸರಾಗಿದೆ. ಚಿತ್ರದ ಮೂಲಕ ಕಥೆ ಹೇಳುವ ಕ್ರಮವೂ ನಮಗೆ ಹೊಸತಲ್ಲ. ಬಣ್ಣದ ತೊಗಲುಗೊಂಬೆಗಳನ್ನು ಬೆಳಕಿನ ಮುಂದೆ ಹಿಡಿದು, ಪರದೆಯ ಮೇಲೆ ರಾಮಾಯಣ ಭಾರತಗಳನ್ನು ಕಾಣಿಸುವ ಆಟ ಈ ಸೀಮೆಯದೇ. ೨೦೨೩ರಲ್ಲಿ ಕಾಲವಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಮಹಾತ್ಮ ಗಾಂಧಿಯವರ ಜೀವನವನ್ನೂ ತೊಗಲುಗೊಂಬೆಗಳಲ್ಲಿ ಆಡಿಸಿ ತೋರಿಸಿದರು.

ಬಯಲಾಟವನ್ನು ನೆನೆಯಿರಿ. ಬಳ್ಳಾರಿಯ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ರಾತ್ರಿಯೆಲ್ಲ ಆಟ ನಡೆಯುವುದುಂಟು. ಶೋಕದ ಸನ್ನಿವೇಶ ಬಂದಾಗ ಕಂಬಳಿ ಹೊದ್ದು ಕುಳಿತ ಗಟ್ಟಿಗರೂ ಕಣ್ಣೊರಸಿಕೊಳ್ಳುತ್ತಾರೆ. ಆದರೂ ಬೆಳಗಾದೊಡನೆ ಎದ್ದು ಹೊಲಕ್ಕೆ ಹೋಗುತ್ತಾರೆ. ರಾತ್ರಿ ದೇವೇಂದ್ರನಾಗಿದ್ದವನನ್ನು ಹಗಲು ಹೆಸರು ಹಿಡಿದೇ ಕೂಗುತ್ತಾರೆ. ಇದು ಹೇಗೆ ಸಾಧ್ಯವಾಯಿತು? ಕಾರಣ ಎರಡು. ಮೊದಲನೆಯದು, ಆಟಕ್ಕೊಂದು ಕಟ್ಟು ಇದೆ. ಗಣಪತಿಯ ಪೂಜೆಯಿಂದ ಅದು ಪ್ರಾರಂಭವಾಗುತ್ತದೆ, ಪಾತ್ರ ರಂಗಕ್ಕೆ ಬಂದೊಡನೆ ಸಾರಥಿಯು ಅದರ ಹೆಸರು, ಊರು, ಬಂದ ಕಾರಣಗಳನ್ನು ವಿಚಾರಿಸುತ್ತಾನೆ, ನಡುನಡುವೆ ನಗಿಸುತ್ತಾನೆ, ಮಂಗಳದಿಂದ ಆಟ ಮುಗಿಯುತ್ತದೆ. ಹೊಸ್ತಿಲು ದಾಟಿ ಒಳಗೆ ಹೋದವರಿಗೆ ಹೊರಗೆ ಬರುವ ಹೊಸ್ತಿಲೂ ಕಾಣುತ್ತಿರುತ್ತದೆ. ಎರಡನೆಯದು, ಅಲ್ಲಿ ಅಳುವವರು ಒಬ್ಬರೇ ಅಲ್ಲ. ಪಕ್ಕದಲ್ಲಿ ಅಜ್ಜಿಯಿದ್ದಾಳೆ, ಅಣ್ಣನಿದ್ದಾನೆ. ಮನೆಗೆ ಹೋಗುವ ದಾರಿಯಲ್ಲಿ ಆಟದ ಗುಣದೋಷಗಳ ಮಾತೇ ಮಾತು. ಹಂಚಿಕೊಂಡ ದುಃಖ ಹಗುರವಾಗಿ ತಿಳಿವಳಿಕೆಯಾಗುತ್ತದೆ.

ಒಂಟಿಯಾಗಿ ಓದುವ ಬಾಲಕಿಗೆ ಇವೆರಡೂ ಇಲ್ಲ. ಸಾರಥಿಯಿಲ್ಲ, ದಾರಿಯ ಮಾತಿಲ್ಲ. ಹಿವಾತಾರಿಯವರು ಎಂಟನೆಯ ಸಂಪುಟದಲ್ಲಿ ಬರೆದ ನಾಲ್ಕು ಮಾತು ಒಂದರ್ಥದಲ್ಲಿ ಸಾರಥಿಯ ಕೆಲಸವನ್ನೇ ಮಾಡಿತು. ಆದರೆ ದೂರದ ಲೇಖಕಿ ಮಾಡಬಹುದಾದುದು ಅಷ್ಟೇ. ಮಿಕ್ಕದ್ದು ಮನೆಯವರ ಪಾಲಿಗೆ ಉಳಿಯುತ್ತದೆ.

ಆದುದರಿಂದ ಪುಸ್ತಕವನ್ನು ಕಸಿದುಕೊಳ್ಳುವುದು ಪರಿಹಾರವಲ್ಲ. ಕಸಿದುಕೊಂಡ ಕಥೆ ಕದ್ದು ಓದುವ ಕಥೆಯಾಗುತ್ತದೆ. ಆಗ ಮಗು ಇನ್ನಷ್ಟು ಒಂಟಿಯಾಗುತ್ತದೆ. ಬದಲಾಗಿ ತಾಯಿಯೋ ತಂದೆಯೋ ಒಂದು ಅಧ್ಯಾಯವನ್ನು ಜೊತೆಯಲ್ಲಿ ಕುಳಿತು ಓದಲಿ. ‘ಇದೆಂಥ ಹುಚ್ಚು’ ಎಂದು ನಗದೆ, ‘ಆ ಶಿಯೊನ್ ಹಾಗೇಕೆ ಮಾಡಿದ? ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಲಿ. ಕಥೆಯನ್ನು ಬಾಯಿಬಿಟ್ಟು ಹೇಳುವಾಗಲೇ ಮಗು ಅದರಿಂದ ಒಂದು ಹೆಜ್ಜೆ ಹೊರಗೆ ನಿಲ್ಲುತ್ತದೆ. ಮಕ್ಕಳು ಪೂರ್ವಜನ್ಮವನ್ನು ಹುಡುಕುವುದು ಹಲವು ವೇಳೆ ಈ ಜನ್ಮದಲ್ಲಿ ತಮ್ಮ ಮಾತು ಕೇಳುವವರಿಲ್ಲವೆಂಬುದರಿಂದಲೇ ಎಂಬುದನ್ನೂ ಹಿರಿಯರು ಮರೆಯಲಾಗದು. ಊಟ, ನಿದ್ರೆ, ಗೆಳೆತನಗಳನ್ನು ತೊರೆದು ಮಗು ಬಹುದಿನ ಮಂಕಾಗಿದ್ದರೆ, ಅಥವಾ ಸಾವಿನ ಮಾತನಾಡಿದರೆ, ಅದನ್ನು ಕಥೆಯ ಗುಂಗೆಂದು ತಳ್ಳಿಬಿಡದೆ ವೈದ್ಯರನ್ನು ಕಾಣತಕ್ಕದ್ದು. ಭಾರತ ಸರಕಾರವು ೨೦೨೨ರಲ್ಲಿ ಪ್ರಾರಂಭಿಸಿದ ‘ಟೆಲಿ ಮಾನಸ್’ ಸೇವೆಯ ೧೪೪೧೬ ಸಂಖ್ಯೆಗೆ ಯಾರು ಬೇಕಾದರೂ ಶುಲ್ಕವಿಲ್ಲದೆ ಕರೆಮಾಡಿ ಸಲಹೆ ಪಡೆಯಬಹುದು.

ಕಡೆಯದಾಗಿ ಒಂದು ಮಾತು. ಆ ಜಪಾನೀ ಕಥೆಯನ್ನು ತಪ್ಪಾಗಿ ಗ್ರಹಿಸಿದವರು ಅದರ ತಿರುಳನ್ನೇ ಮರೆತಿದ್ದರು. ಆಲಿಸ್ ತಾನೇ ಮೊಕುರೆನ್ ಎಂದು ಸುಲಭವಾಗಿ ಒಪ್ಪುವವಳಲ್ಲ; ಬಹುಕಾಲ ಅಳುಕುತ್ತಾಳೆ. ರಿನ್ ಪಡುವ ಪಾಡೆಲ್ಲ ಹಿಂದಿನ ಜನ್ಮವನ್ನು ಬಿಡಲಾರದೆ ಪಡುವ ಪಾಡು. ಹೋದುದನ್ನು ಹೋಗಗೊಟ್ಟು, ಈ ಹೆಸರಿನಲ್ಲಿ, ಈ ದೇಹದಲ್ಲಿ, ಈ ನೆಲದ ಮೇಲೆ ಬಾಳಬೇಕೆಂಬಲ್ಲಿಗೆ ಕಥೆ ಬಂದು ನಿಲ್ಲುತ್ತದೆ. ಚಂದ್ರನ ಮೇಲೆ ನಿಂತು ನೋಡಿದವರಿಗೆ ಅತ್ಯಂತ ಪ್ರಿಯವಾಗಿ ಕಂಡುದು ಭೂಮಿಯೇ. ತುಂಗಭದ್ರೆಯ ನೀರು ಹರಿದು ಹಸುರಾದ ಸಿರುಗುಪ್ಪದ ಗದ್ದೆಗಳೂ, ಕುರುಗೋಡಿನ ಕಲ್ಲುಗುಡ್ಡಗಳೂ, ಬಳ್ಳಾರಿಯ ಬಿಸಿಲೂ ಆ ಭೂಮಿಯೊಳಗೇ ಸೇರಿವೆಯಷ್ಟೆ! ಇಷ್ಟನ್ನು ನಮ್ಮ ಎಳೆಯ ವಾಚಕರಿಗೆ ಪ್ರೀತಿಯಿಂದ ತಿಳಿಯಹೇಳಬಲ್ಲ ಹಿರಿಯರೊಬ್ಬರು ಮನೆಯಲ್ಲಿದ್ದರೆ, ಚಂದ್ರಲೋಕದ ಯಾವ ಕಥೆಗೂ ನಾವು ಅಂಜಬೇಕಾದುದಿಲ್ಲ.