ಮಂಗಳ ಹಾಡುವ ಆಟ, ಮಂಗಳವಿಲ್ಲದ ಆಟ

ವಿಡಿಯೊ ಗೇಮ್ ಎಂಬ ಮಾತು ಬಂದರೆ ಸಾಕು, ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. 'ಕಣ್ಣೂ ಹಾಳು, ಓದೂ ಹಾಳು' ಎನ್ನುವ ತಂದೆ-ತಾಯಿ ಒಂದು ಕಡೆ. 'ಇನ್ನೊಂದೇ ಒಂದು ಆಟ' ಎಂದು ಗೋಗರೆಯುವ ಮಕ್ಕಳು ಇನ್ನೊಂದು ಕಡೆ. ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಒಳ್ಳೆಯ ವಿಡಿಯೊ ಗೇಮ್‌ಗಳ ಅಭಿಮಾನಿಯೂ ಹೌದು. ಹಾಗಾಗಿ ಎರಡೂ ಪಕ್ಷದವರಿಗೆ ಒಂದೆರಡು ಮಾತು ಹೇಳಬೇಕೆನಿಸುತ್ತದೆ.

ಮನರಂಜನೆ ನಮ್ಮ ಸೀಮೆಗೆ ಹೊಸದೇನಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ನಮ್ಮ ತುಮಕೂರು ಜಿಲ್ಲೆಯದೇ. ಪಟ್ಟನಾಯಕನಹಳ್ಳಿ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ - ಎತ್ತ ಹೋದರೂ 'ಕುರುಕ್ಷೇತ್ರ' ನಾಟಕದ ಹುಚ್ಚು ಇದ್ದದ್ದೇ. ಹೊಲದಲ್ಲಿ ಶೇಂಗಾ ಕಿತ್ತ ಕೈಗಳೇ ಗದೆ ಹಿಡಿಯುತ್ತವೆ. ಹಾರ್ಮೋನಿಯಂ ಮೇಷ್ಟ್ರ ಮುಂದೆ ದಿನಗಟ್ಟಲೆ ತಾಲೀಮು ನಡೆದು, ನಾಟಕದ ದಿನ ಊರಿಗೆ ಊರೇ ರಾತ್ರಿಯೆಲ್ಲಾ ನಿದ್ದೆಗೆಟ್ಟು ಕೂರುತ್ತದೆ. ಇದನ್ನು ಯಾರೂ ಚಟ ಎನ್ನುವುದಿಲ್ಲ. ಏಕೆಂದರೆ ಬೆಳಗಿನ ಜಾವಕ್ಕೆ ಮಂಗಳ ಹಾಡುತ್ತಾರೆ. ಜನ ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಾರೆ. ಆಟ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ಈ ಮಂಗಳವೇ ಒಳ್ಳೆಯ ಅಳತೆಗೋಲು ಎಂಬುದು ನನ್ನ ಅಭಿಪ್ರಾಯ.

ಮೆಚ್ಚಿನ ಮೂರು

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ 'ಟೆಟ್ರಿಸ್'ಗೆ. ಜಾತ್ರೆಗಳಲ್ಲಿ '9999 ಆಟಗಳು' ಎಂದು ಮುದ್ರಿಸಿ ಮಾರುತ್ತಿದ್ದ ಅಂಗೈಯಗಲದ ಬ್ರಿಕ್ ಗೇಮ್ ಅನೇಕರಿಗೆ ನೆನಪಿರಬಹುದು. ಅದರಲ್ಲಿದ್ದ ಇಟ್ಟಿಗೆ ಜೋಡಿಸುವ ಆಟದ ಮೂಲ ಇದೇ. 1984ರಲ್ಲಿ ಮಾಸ್ಕೊದ ವಿಜ್ಞಾನ ಅಕಾಡೆಮಿಯಲ್ಲಿದ್ದ ಅಲೆಕ್ಸಿ ಪಜಿತ್ನೊವ್ ಇದನ್ನು ರಚಿಸಿದರು. ಅವರ ಮುಂದಿದ್ದ 'ಎಲೆಕ್ಟ್ರಾನಿಕಾ-60' ಕಂಪ್ಯೂಟರಿಗೆ ಚಿತ್ರ ಬಿಡಿಸಲು ಬಾರದು. ಅಕ್ಷರಗಳ ಸಾಲಿನಲ್ಲಿ ಸಿಗುವ ಕಂಸದ ಚಿಹ್ನೆಗಳನ್ನೇ ಜೋಡಿಸಿ ಅವರು ಇಟ್ಟಿಗೆ ಮಾಡಿಕೊಂಡರು!

ನಾಲ್ಕು ಚೌಕಗಳನ್ನು ಸೇರಿಸಿ ಮಾಡಿದ ಏಳು ಆಕಾರಗಳು, ಅಷ್ಟೇ ಈ ಆಟದ ಬಂಡವಾಳ. ಇದರಲ್ಲೊಂದು ಸೊಗಸಾದ ಗಣಿತವಿದೆ. ವಿದ್ಯಾರ್ಥಿಗಳು ರಟ್ಟಿನಲ್ಲಿ ಏಳೂ ಆಕಾರಗಳನ್ನು ಒಂದೊಂದರಂತೆ ಕತ್ತರಿಸಿಕೊಳ್ಳಲಿ. ಒಟ್ಟು 28 ಚೌಕ. ಇವನ್ನು ಉದ್ದ ಏಳು, ಅಗಲ ನಾಲ್ಕು ಚೌಕದ ಆಯತದಲ್ಲಿ ತುಂಬಿಸಲು ಪ್ರಯತ್ನಿಸಲಿ. ಎಷ್ಟೇ ತಿಣುಕಿದರೂ ಆಗದು! ಆಯತಕ್ಕೆ ಚದುರಂಗದ ಮಣೆಯಂತೆ ಕಪ್ಪು-ಬಿಳುಪು ಬಣ್ಣ ಬಳಿದು ನೋಡಿ: ಕಪ್ಪು 14, ಬಿಳುಪು 14. ಆರು ಆಕಾರಗಳು ತಲಾ ಎರಡು ಕಪ್ಪು, ಎರಡು ಬಿಳುಪು ಚೌಕಗಳನ್ನು ಮುಚ್ಚುತ್ತವೆ. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ್ದು ಮಾತ್ರ ಒಂದು ಬಣ್ಣದ ಮೂರು, ಇನ್ನೊಂದರ ಒಂದು ಚೌಕವನ್ನು ಮುಚ್ಚುತ್ತದೆ. ಹಾಗಾಗಿ ಲೆಕ್ಕ ಎಂದಿಗೂ ಸರಿಹೋಗದು. ಸಾಧ್ಯವಿಲ್ಲ ಎಂಬುದನ್ನೂ ಸಾಧಿಸಿ ತೋರಿಸಬಹುದು ಎಂದು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭದ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯದು ಜಪಾನಿನ ತೊಮೊಹಿರೊ ನಿಶಿಕಾಡೊ 1978ರಲ್ಲಿ ರೂಪಿಸಿದ 'ಸ್ಪೇಸ್ ಇನ್ವೇಡರ್ಸ್'. ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ. ಚಿತ್ರಿಸಬೇಕಾದ ಶತ್ರುಗಳು ಕಡಿಮೆಯಾದಾಗ ಯಂತ್ರದ ಹೊರೆ ಇಳಿದು ತಾನಾಗಿ ವೇಗ ಬಂತು. ನಿಶಿಕಾಡೊ ಅದನ್ನು ತಿದ್ದದೆ ಹಾಗೇ ಬಿಟ್ಟರು. ಆಟದ ರೋಚಕತೆಗೆ ಅದೇ ಕಾರಣವಾಯಿತು.

ಮೂರನೆಯದು 1980ರ 'ಪ್ಯಾಕ್‌ಮನ್'. ಇದರ ನಾಲ್ಕು ಭೂತಗಳಿಗೆ ನಾಲ್ಕು ಸ್ವಭಾವ. ಕೆಂಪು ಭೂತ ಬೆನ್ನಟ್ಟುತ್ತದೆ. ಗುಲಾಬಿ ಭೂತ ನೀವು ಹೋಗುವ ದಾರಿಯ ಮುಂದಕ್ಕೆ ಹೋಗಿ ಅಡ್ಡಗಟ್ಟುತ್ತದೆ. ಹಂತದ ಸಂಖ್ಯೆಯನ್ನು ಎಂಟು ಬಿಟ್‌ಗಳಲ್ಲಿ ಇಟ್ಟಿದ್ದರಿಂದ 255 ದಾಟಿದೊಡನೆ ಎಣಿಕೆ ತಪ್ಪಿ, 256ನೇ ಹಂತದಲ್ಲಿ ಪರದೆಯ ಬಲ ಅರ್ಧ ಕಲಸಿಹೋಗುತ್ತದೆ. ದ್ವಿಮಾನ ಪದ್ಧತಿಯ ಪಾಠಕ್ಕೆ ಬೇರೆ ಪೀಠಿಕೆ ಬೇಕೆ?

ಜಗಲಿಯ ಮೇಲಿನ ಗೇಮ್

ಪರದೆ ಇಲ್ಲದ ಕಾಲದಲ್ಲೂ ನಮ್ಮವರು ಬುದ್ಧಿವಂತ ಆಟಗಳನ್ನೇ ಆಡಿದ್ದಾರೆ. ಹುಲಿ-ಕುರಿ ಆಟದಲ್ಲಿ ಹುಲಿಗಳು ಬೆರಳೆಣಿಕೆಯಷ್ಟು, ಕುರಿಗಳು ಹಿಂಡು. ಹುಲಿ ಹಾರಿ ಕೊಲ್ಲುತ್ತದೆ, ಕುರಿಗಳು ಒಗ್ಗಟ್ಟಾಗಿ ಸುತ್ತುಗಟ್ಟಿ ಗೆಲ್ಲುತ್ತವೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದರೆ ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ. ನಾಲ್ಕು, ಎಂಟು ತಲಾ ಒಂದೇ ಬಗೆಯಲ್ಲಿ. ಆದರೆ ಕವಡೆಯ ಎರಡು ಬದಿಗಳೂ ಒಂದೇ ಸಮನಲ್ಲ. ನೂರು ಸಲ ಎಸೆದು ಬರೆದಿಟ್ಟುಕೊಂಡರೆ ಲೆಕ್ಕಕ್ಕೂ ವಾಸ್ತವಕ್ಕೂ ಇರುವ ವ್ಯತ್ಯಾಸ ಮನೆಯಲ್ಲೇ ಕಾಣುತ್ತದೆ.

ಮುಗಿಯದ ಆಟ

ಈ ಎಲ್ಲ ಆಟಗಳಿಗೂ ಒಂದು ಮುಗಿತಾಯವಿದೆ. ಟೆಟ್ರಿಸ್ ವೇಗ ಹೆಚ್ಚಿಸಿ ತಾನೇ ಸೋಲಿಸಿ ಎಬ್ಬಿಸುತ್ತದೆ. ಇಂದಿನ ಅನೇಕ ಮೊಬೈಲ್ ಆಟಗಳು ಹಾಗಲ್ಲ. 'ನಾಳೆ ಬಾರದಿದ್ದರೆ ಬಹುಮಾನ ತಪ್ಪುತ್ತದೆ' ಎಂದು ಹೆದರಿಸುತ್ತವೆ. ಯಾವಾಗ ಸಿಗುವುದೋ ತಿಳಿಯದ ಉಡುಗೊರೆಯ ಪೆಟ್ಟಿಗೆ ತೋರಿಸುತ್ತವೆ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದು ಇದನ್ನೇ: ಕಾಳು ಯಾವ ಕುಕ್ಕಿಗೆ ಬೀಳುತ್ತದೆಂದು ತಿಳಿಯದಿದ್ದಾಗಲೇ ಹಕ್ಕಿ ಬಿಡದೆ ಕುಕ್ಕುತ್ತದೆ. ಇಲ್ಲಿ ಹಕ್ಕಿಯ ಜಾಗದಲ್ಲಿ ನಮ್ಮ ಮಕ್ಕಳಿದ್ದಾರೆ.

ಇದು ಬರೀ ಮೇಷ್ಟ್ರ ಆತಂಕವಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ತೊಂದರೆಗಾಗಿ 'ಶಟ್' ಎಂಬ ಚಿಕಿತ್ಸಾ ಕೇಂದ್ರ ತೆರೆಯಿತು. ವಿಡಿಯೊ ಗೇಮ್ ಗೀಳನ್ನು ಕಾಯಿಲೆಗಳ ಸಾಲಿಗೆ ಸೇರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ 2022ರಿಂದ ಜಾರಿಯಲ್ಲಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು.

ಹಾಗೆಂದು ಹೆಚ್ಚು ಆಡುವ ಮಗುವೆಲ್ಲಾ ರೋಗಿಯಲ್ಲ. ಆಟ ಕೈಮೀರಿ, ಊಟ, ನಿದ್ದೆ, ಶಾಲೆ, ಗೆಳೆತನ ಎಲ್ಲವೂ ಅದರ ಹಿಂದೆ ಸರಿದು, ತೊಂದರೆ ಕಣ್ಣಿಗೆ ಕಂಡರೂ ಬಿಡಲಾಗದೆ, ಸಾಮಾನ್ಯವಾಗಿ ವರ್ಷವಿಡೀ ಹಾಗೆಯೇ ನಡೆದರೆ ಅದು ಕಾಯಿಲೆಯ ಲಕ್ಷಣ ಎನ್ನುತ್ತಾರೆ ವೈದ್ಯರು.

ಪೋಷಕರಿಗೆ ನನ್ನ ಸಲಹೆ ಸರಳ. ಮೊಬೈಲ್ ಕಿತ್ತುಕೊಳ್ಳುವ ಮೊದಲು ಒಂದು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು ಆ ಆಟ ನೋಡಿ. ಮೂರು ಪ್ರಶ್ನೆ ಕೇಳಿ: ಇದು ಎಲ್ಲಿಗೆ ಮುಗಿಯುತ್ತದೆ? ಹಣ ಕೇಳುತ್ತದೆಯೇ? ಇದರಲ್ಲಿ ಚೆನ್ನಾಗಿ ಆಡಲು ಏನು ತಿಳಿದಿರಬೇಕು? ಮೂರನೆಯದಕ್ಕೆ ಮಗು ಉತ್ಸಾಹದಿಂದ ಉತ್ತರಿಸಿದರೆ ಕೇಳಿಸಿಕೊಳ್ಳಿ, ಅಲ್ಲಿ ಕಲಿಕೆಯಿದೆ. ಮೊದಲನೆಯದಕ್ಕೆ ಉತ್ತರವೇ ಇಲ್ಲದಿದ್ದರೆ ಗಡಿಯಾರ ನೋಡಿ, ಇಷ್ಟು ಹೊತ್ತಿಗೆ ಮಂಗಳ ಎಂದು ಮಗುವಿನೊಂದಿಗೇ ಮಾತಾಡಿ ಗೊತ್ತುಮಾಡಿ. ಮಕ್ಕಳೇ, ಆ ಹೊತ್ತು ಬಂದಾಗ 'ಇನ್ನೊಂದೇ ಒಂದು' ಎನ್ನದೆ ಏಳುವುದು ನಿಮ್ಮ ಪಾಲಿನ ಕೆಲಸ.