ಬ್ರೆಕ್ಸಿಟ್: ಕಾಪಿ-ಪೇಸ್ಟ್ ಮಾಡಿದ ಕಾನೂನನ್ನು ತಿದ್ದುವ ಪೆನ್ನು ಯಾರ ಕೈಯಲ್ಲಿ?

ಇಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಹಳೇ ಸಾಫ್ಟ್‌ವೇರ್. ಯಾರಿಗೂ ಬೇಡದ್ದು ಅಂದ್ಕೊಂಡು ಒಂದು ಫೈಲ್ ಅಳಿಸಿದೆ. ಸಂಜೆಯಷ್ಟರಲ್ಲಿ ಬಿಲ್ಲಿಂಗ್ ವಿಭಾಗದ ಮೂರು ರಿಪೋರ್ಟ್ ಬರೋದೇ ನಿಂತುಹೋಯ್ತು. ಆ ಒಂದು ಫೈಲನ್ನು ನಂಬಿಕೊಂಡು ಎಷ್ಟು ಕೆಲಸ ನಡೀತಿತ್ತು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಬ್ರೆಕ್ಸಿಟ್ ಕಾನೂನುಗಳನ್ನು ಓದುವಾಗಲೆಲ್ಲ ಆ ಸಂಜೆ ನೆನಪಾಗುತ್ತೆ.

2016ರ ಜೂನ್ 23ರ ಜನಮತದಲ್ಲಿ ಬ್ರಿಟನ್ನಿನ ಶೇ. 51.9ರಷ್ಟು ಮತದಾರರು ಯುರೋಪಿಯನ್ ಒಕ್ಕೂಟ ಬಿಡೋಣ ಅಂದರು. ಆದರೆ ಮತ ಹಾಕಿದ ಮಾತ್ರಕ್ಕೆ ದೇಶ ಹೊರಗೆ ಬರೋದಿಲ್ಲ. ಆ ಸಂಬಂಧ ನಿಂತಿದ್ದದ್ದು 1972ರ ಯುರೋಪಿಯನ್ ಸಮುದಾಯಗಳ ಕಾಯ್ದೆಯ ಮೇಲೆ. ಒಕ್ಕೂಟದ ನಿಯಮಗಳು ಬ್ರಿಟನ್ನಿನ ಒಳಗೆ ಬರುತ್ತಿದ್ದದ್ದು ಅದೇ ಬಾಗಿಲಿನಿಂದ. ಉದಾಹರಣೆಗೆ, ಕೆಲಸಗಾರರಿಗೆ ಸಂಬಳಸಹಿತ ರಜೆ ಕೊಡಲೇಬೇಕು ಅನ್ನುವ 1998ರ ಕೆಲಸದ ವೇಳೆಯ ನಿಯಮಗಳನ್ನು ಮಾಡಿದ್ದು ಆ ಕಾಯ್ದೆ ಕೊಟ್ಟ ಅಧಿಕಾರದಲ್ಲಿ. ಬೇರು ಕಿತ್ತರೆ ಕೊಂಬೆಯೂ ಒಣಗುತ್ತೆ. 1972ರ ಕಾಯ್ದೆಯನ್ನು ಸುಮ್ಮನೆ ರದ್ದು ಮಾಡಿದ್ದರೆ ಮರುದಿನ ಸಾವಿರಾರು ನಿಯಮಗಳಿಗೆ ಆಧಾರವೇ ಇರುತ್ತಿರಲಿಲ್ಲ.

ಮೊದಲ ಜಗಳ, ಹೊರಡುತ್ತೇವೆ ಅಂತ ಹೇಳುವ ಅಧಿಕಾರ ಯಾರದ್ದು ಅನ್ನೋದರ ಬಗ್ಗೆ. ವಿದೇಶಾಂಗ ಒಪ್ಪಂದಗಳು ನಮ್ಮ ಅಧಿಕಾರ, ಸಂಸತ್ತನ್ನು ಕೇಳಬೇಕಿಲ್ಲ ಅಂತ ತೆರೇಸಾ ಮೇ ಸರ್ಕಾರ ವಾದಿಸಿತು. 2017ರ ಜನವರಿ 24ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 8–3 ಬಹುಮತದಿಂದ ಅದನ್ನು ತಳ್ಳಿಹಾಕಿತು. ಸಂಸತ್ತು ಕಾಯ್ದೆ ಮಾಡಿ ಕೊಟ್ಟ ಹಕ್ಕುಗಳನ್ನು ಮಂತ್ರಿಗಳು ಒಂದು ಪತ್ರ ಬರೆದು ಕಿತ್ತುಕೊಳ್ಳೋಕಾಗಲ್ಲ ಅನ್ನೋದು ತೀರ್ಪಿನ ಸಾರ. ಸಂಸತ್ತು ಪುಟ್ಟದೊಂದು ಕಾಯ್ದೆ ಮಾಡಿ ಒಪ್ಪಿಗೆ ಕೊಟ್ಟ ಮೇಲೆಯೇ, ಮಾರ್ಚ್ 29ರಂದು ಆ ಪತ್ರ ಒಕ್ಕೂಟದ ಕೈ ಸೇರಿತು.

ನಂತರ ಬಂತು 2018ರ ಯುರೋಪಿಯನ್ ಒಕ್ಕೂಟ (ನಿರ್ಗಮನ) ಕಾಯ್ದೆ. ಇದರ ಐಡಿಯಾ ಸರಳ: ಒಂದು ಕೈಯಲ್ಲಿ 1972ರ ಕಾಯ್ದೆಯನ್ನು ರದ್ದು ಮಾಡು, ಇನ್ನೊಂದು ಕೈಯಲ್ಲಿ ಒಕ್ಕೂಟದ ಕಾನೂನನ್ನು ಬ್ರಿಟನ್ನಿನ ಕಾನೂನಾಗಿ ನಕಲು ಮಾಡಿಕೋ. ಬೇಡದ್ದನ್ನು ಆಮೇಲೆ ನಿಧಾನವಾಗಿ ತೆಗೆದರಾಯ್ತು.

ಆದರೆ ಕಾಪಿ-ಪೇಸ್ಟ್ ಮಾಡಿದ ಕೋಡ್ ಹಾಗೇ ಓಡುತ್ತಾ? ನಿಯಮದ ತುಂಬ 'ಯುರೋಪಿಯನ್ ಕಮಿಷನ್‌ಗೆ ವರದಿ ಸಲ್ಲಿಸಬೇಕು' ಅನ್ನುವಂಥ ಸಾಲುಗಳು. ಇವನ್ನು ತಿದ್ದಲು ಕಾಯ್ದೆಯ 8ನೇ ಸೆಕ್ಷನ್ ಮಂತ್ರಿಗಳಿಗೆ ಅಧಿಕಾರ ಕೊಟ್ಟಿತು. ಸಂಸತ್ತು ಮಾಡಿದ ಕಾಯ್ದೆಯನ್ನೇ ಮಂತ್ರಿ ಒಂದು ಆದೇಶದಿಂದ ತಿದ್ದಬಲ್ಲ ಇಂಥ ಅಧಿಕಾರಕ್ಕೆ ಅಲ್ಲಿ 'ಎಂಟನೇ ಹೆನ್ರಿ ಅಧಿಕಾರ' ಅಂತಾರೆ. ತನ್ನ ಘೋಷಣೆಗೂ ಕಾನೂನಿನ ಬಲ ಇರಬೇಕು ಅಂತ 1539ರಲ್ಲಿ ಕಾಯ್ದೆ ಮಾಡಿಸಿಕೊಂಡ ರಾಜ ಅವನು. ಇಂಥ ಆದೇಶಗಳನ್ನು ಸಂಸದರು ಸಾಮಾನ್ಯವಾಗಿ ತಿದ್ದುವಂತಿಲ್ಲ. ಒಪ್ಪಬೇಕು, ಇಲ್ಲ ತಳ್ಳಬೇಕು. ಹೌಸ್ ಆಫ್ ಕಾಮನ್ಸ್ ಹೀಗೆ ಒಂದನ್ನು ಕೊನೆಯ ಸಲ ತಳ್ಳಿದ್ದು 1979ರಲ್ಲಿ!

ಹಾಗಂತ ಇಂಥ ಅಧಿಕಾರವೇ ತಪ್ಪು ಅಂತ ನಾನು ಹೇಳ್ತಿಲ್ಲ. ನಾವೂ ಇದನ್ನೇ ಮಾಡಿದ್ದೀವಿ. 1956ರ ನವೆಂಬರ್ 1ರಂದು ಧಾರವಾಡ ಬಾಂಬೆ ರಾಜ್ಯದಿಂದ, ರಾಯಚೂರು ಹೈದರಾಬಾದಿನಿಂದ, ಮಂಗಳೂರು ಮದ್ರಾಸಿನಿಂದ ಬಂದು ಮೈಸೂರು ರಾಜ್ಯ ಸೇರಿದವು. ಬದಲಾಯಿಸುವವರೆಗೆ ಆಯಾ ಪ್ರದೇಶದಲ್ಲಿ ಹಳೇ ರಾಜ್ಯದ ಕಾನೂನೇ ನಡೆಯಲಿ ಅಂದಿತು ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ 119ನೇ ಸೆಕ್ಷನ್. ಅವನ್ನು ಹೊಸ ರಾಜ್ಯಕ್ಕೆ ಹೊಂದಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟದ್ದು 120ನೇ ಸೆಕ್ಷನ್. ಆದರೆ ಅದಕ್ಕೊಂದು ಗಡುವಿತ್ತು: ಒಂದು ವರ್ಷ.

2018ರ ಬ್ರಿಟಿಷ್ ಕಾಯ್ದೆಗೂ ಬೇಲಿ ಇತ್ತು. 8ನೇ ಸೆಕ್ಷನ್ನಿನ ಅಧಿಕಾರಕ್ಕೆ ಎರಡು ವರ್ಷದ ಮಿತಿ ಇತ್ತು, ಅದರಿಂದ ತೆರಿಗೆ ಹಾಕುವಂತಿರಲಿಲ್ಲ. ಸಂಸದರು ಇನ್ನೂ ಒಂದು ಬೇಲಿ ಹಾಕಿದರು. ಆಡಳಿತ ಪಕ್ಷದವರೇ ಆದ ಡೊಮಿನಿಕ್ ಗ್ರೀವ್ ತಂದ ತಿದ್ದುಪಡಿ 309–305ರಲ್ಲಿ ಗೆದ್ದು, ಒಕ್ಕೂಟದ ಜೊತೆಗಿನ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಅಂತಾಯ್ತು. ಅದೇ ದಾರಿಯಲ್ಲಿ 2019ರಲ್ಲಿ ಮೇ ಅವರ ಒಪ್ಪಂದ ಮೂರು ಸಲ ಸೋತಿತು. ಕೊನೆಗೆ ಬೋರಿಸ್ ಜಾನ್ಸನ್ ಕಾಲದಲ್ಲಿ ಇನ್ನೊಂದು ಕಾಯ್ದೆಯಾಗಿ, 2020ರ ಜನವರಿ 31ರಂದು ಬ್ರಿಟನ್ ಹೊರಬಂತು.

ಅಸಲಿ ಪರೀಕ್ಷೆ ಆಮೇಲೆ ಎದುರಾಯ್ತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಹೊಸ ಮಸೂದೆ ತಂತು: ಮಂತ್ರಿಗಳು ಬೇಕು ಅಂತ ಎತ್ತಿಡದ ಒಕ್ಕೂಟ ಮೂಲದ ನಿಯಮಗಳೆಲ್ಲ 2023ರ ಡಿಸೆಂಬರ್ 31ಕ್ಕೆ ತಾವಾಗೇ ಸಾಯಲಿ! ಯಾವ ಫೈಲಿನ ಮೇಲೆ ಏನು ನಿಂತಿದೆ ಅಂತ ನೋಡದೆ ಡಿಲೀಟ್ ಒತ್ತೋದು ಅಂದ್ರೆ ಇದೇ. ಕಾರ್ಮಿಕ ಸಂಘಟನೆಗಳು, ಪರಿಸರ ಸಂಘಟನೆಗಳು ಗಟ್ಟಿಯಾಗಿ ವಿರೋಧಿಸಿದವು. 2023ರ ಮೇನಲ್ಲಿ ಸಚಿವೆ ಕೆಮಿ ಬೇಡನಾಕ್ ಹಿಂದೆ ಸರಿದರು. ಸುಮಾರು 600 ನಿಯಮಗಳನ್ನು ಹೆಸರಿಸಿ ಅಷ್ಟನ್ನೇ ರದ್ದು ಮಾಡುವುದು ಅಂತಾಯ್ತು. ಆದರೂ ಉಳಿದವನ್ನು ಆದೇಶದಿಂದಲೇ ರದ್ದು ಮಾಡುವ, ಬದಲಿಸುವ ಅಧಿಕಾರವನ್ನು 2026ರ ಜೂನ್ 23ರವರೆಗೆ ಮಂತ್ರಿಗಳು ಇಟ್ಟುಕೊಂಡರು.

'ಅಧಿಕಾರವನ್ನು ವಾಪಸ್ ಪಡೆಯೋಣ' ಅನ್ನೋದು ಬ್ರೆಕ್ಸಿಟ್ ಪರ ಪ್ರಚಾರದ ಘೋಷಣೆ. ಅಧಿಕಾರ ಬ್ರಸೆಲ್ಸ್‌ನಿಂದ ಲಂಡನ್‌ಗೆ ಬಂದದ್ದೇನೋ ನಿಜ. ಆದರೆ ಅದರಲ್ಲಿ ದೊಡ್ಡ ಪಾಲು ಹೋಗಿ ಕೂತದ್ದು ಸಂಸತ್ತಿನಲ್ಲಲ್ಲ, ಮಂತ್ರಿಗಳ ಮೇಜಿನ ಮೇಲೆ. ಇನ್ಮುಂದೆ ಯಾವುದೇ ಮಸೂದೆಯಲ್ಲಿ 'ಸರ್ಕಾರವು ನಿಯಮಗಳ ಮೂಲಕ ಗೊತ್ತುಪಡಿಸಬಹುದು' ಅನ್ನುವ ಸಾಲು ಕಂಡರೆ ದಾಟಿ ಹೋಗಬೇಡಿ. ತಿದ್ದುವ ಪೆನ್ನು ಯಾರ ಕೈಯಲ್ಲಿದೆ, ಎಲ್ಲಿಯವರೆಗೆ ಇರುತ್ತೆ ಅಂತ ಕೇಳಿ. ಗಡುವು ಕಾಣಿಸದಿದ್ದರೆ ಇನ್ನೊಂದು ಸಲ ಓದಿ.